ಬೆಲ್‌ಫಾಸ್ಟಿನ ಇಟ್ಟಿಗೆ ಹೂವು

ಮಂಡಕಳ್ಳಿ

ಮಂಡಕಳ್ಳಿ ವಿಮಾನ ನಿಲ್ದಾಣದ ಎಕ್ಸ್‌ರೇ ಯಂತ್ರದ ಆಚೆ ನಿಂತಿದ್ದ ಹುಡುಗಿ ನನ್ನ ಕೈಚೀಲದಿಂದ ಕರಣೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇದೇನು ಸಾರ್ ಎಂದು ಕೇಳಿದಳು. ಗೋಡೆಗೆ ಗಾರೆ ಬಳಿಯುವ ಕರಣೆ ಎಂದೆ. ಅದರ ಹಿಂದೆಯೇ ಎರಡು ಉಳಿ, ಒಂದು ಚಿಕ್ಕ ಸುತ್ತಿಗೆ ಹೊರಬಂದವು. ಇವು ಕೆಲಸದ ಸಾಮಾನು ಎಂದು ತನಗೂ ಗೊತ್ತು, ಆದರೆ ವಿಮಾನದೊಳಗೆ ಬಿಡುವಂತಿಲ್ಲ ಎಂದು ಅವಳು ಬೇಸರದಿಂದಲೇ ಹೇಳಿದಳು. ದೊಡ್ಡ ಸೂಟ್‌ಕೇಸು ಆಗಲೇ ಒಳಗೆ ಹೋಗಿಬಿಟ್ಟಿತ್ತು. ಅದರಲ್ಲಿ ಚಟ್ನಿಪುಡಿ, ಉಪ್ಪಿನಕಾಯಿ, ರಾಗಿಹಿಟ್ಟು ಎಲ್ಲವೂ ಕ್ಷೇಮವಾಗಿದ್ದವು. ಕಳೆದುಹೋದರೆ ಕಷ್ಟವೆಂದು ಕಣ್ಣೆದುರೇ ಇಟ್ಟುಕೊಂಡಿದ್ದ ಉಪಕರಣಗಳು ಮಾತ್ರ ಮೈಸೂರಿನಲ್ಲೇ ಉಳಿಯಬೇಕಾಯಿತು.

ಒಬ್ಬ ಸಿಬ್ಬಂದಿಯ ಜೊತೆ ಬಾಗಿಲವರೆಗೆ ವಾಪಸು ಬಂದೆ. ಹೊರಗೆ ನನ್ನ ಹೆಂಡತಿ ನಾಗಮ್ಮ ಇನ್ನೂ ಕೈಬೀಸುತ್ತಲೇ ನಿಂತಿದ್ದಳು. ಕರಣೆ, ಉಳಿ, ಸುತ್ತಿಗೆಯನ್ನು ಅವಳ ಕೈಗೆ ಕೊಟ್ಟಾಗ ನನ್ನ ಮುಖ ಹೇಗಿತ್ತೋ ಏನೋ, ಅವಳು ನಕ್ಕುಬಿಟ್ಟಳು.

"ಹೋಗ್ಬನ್ನಿ. ಕೈ ಐತಲ್ಲ, ಅದ್ನೇನು ಕಿತ್ಕೊಳ್ಳಲ್ಲ ಕಣ್ರೀ," ಎಂದಳು.

ನಾನು ರಾಮಕೃಷ್ಣನಗರದ ಗಾರೆ ಮೇಸ್ತ್ರಿ. ಹೆಸರು ರಾಚಯ್ಯ. ನಮ್ಮಪ್ಪ ತಿರುಮಕೂಡಲು ಕಡೆಯ ಹಳ್ಳಿಯಿಂದ ಇಟ್ಟಿಗೆ ಹೊರಲು ಮೈಸೂರಿಗೆ ಬಂದವರು. ನಾನು ಪಿಯುಸಿಯಲ್ಲಿ ಫೇಲಾಗಿ ಅವರ ಹಿಂದೆ ನಡೆದೆ. ಸಿಮೆಂಟು ಎಲ್ಲರಿಗೂ ಬರುತ್ತದೆ; ಹಳೆಯ ಸುಣ್ಣದ ಗಾರೆ ಬರುವವರು ಕಡಿಮೆ. ಅದನ್ನು ನನಗಿಂತ ಚೆನ್ನಾಗಿ ಬಲ್ಲವಳು ನಾಗಮ್ಮ. ಇಪ್ಪತ್ತು ವರ್ಷ ನನ್ನ ಜೊತೆ ಸುಣ್ಣ ಅರೆದು, ಮರಳು ಜರಡಿ ಹಿಡಿದು, ಹದ ನೋಡಿದವಳು ಅವಳೇ.

ಕಳೆದ ವರ್ಷ ನಾವಿಬ್ಬರೂ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಒಂದು ಹಳೆಯ ಬಟ್ಟೆ ಅಂಗಡಿಯ ಮುಖಭಾಗ ರಿಪೇರಿ ಮಾಡುತ್ತಿದ್ದೆವು. ಇಟ್ಟಿಗೆಯ ಕಮಾನು, ಇಟ್ಟಿಗೆಯದೇ ಕಂಬಗಳು; ಮೇಲೆ ದೀಪಾವಳಿಗೊಂದು ಬಣ್ಣದಂತೆ ಬಳಿದು ಬಳಿದು ಎಲ್ಲ ಮುಚ್ಚಿಹೋಗಿತ್ತು. ನಾವು ಬಣ್ಣ ಕೆರೆಯುತ್ತಿದ್ದಾಗ ಒಬ್ಬ ಬಿಳಿಯ ಹೆಂಗಸು ಬಂದು ನಿಂತರು. ಬೆಳಗ್ಗೆ ಬಂದವರು ಸಂಜೆವರೆಗೂ ನಿಂತಿದ್ದರು. ಹೆಸರು ಮೋರಾ, ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಊರಿನವರು, ಹಳೆಯ ಕಟ್ಟಡಗಳನ್ನು ಉಳಿಸುವ ಎಂಜಿನಿಯರು. ತಮ್ಮ ಊರಿನಲ್ಲೂ ಇಂಥದೇ ಒಂದು ಕಟ್ಟಡವಿದೆ, ಸುಣ್ಣದಲ್ಲಿ ಸಂದು ತುಂಬಬೇಕು, ಮೂರು ವಾರ ಬರುತ್ತೀರಾ ಎಂದು ಕೇಳಿದರು. ತಮಾಷೆಗೆ ಕೇಳಿದ್ದಾರೆಂದುಕೊಂಡು ಬರುತ್ತೇನೆ ಎಂದೆ. ಎಂಟು ತಿಂಗಳಿಗೆ ಕಾಗದ ಬಂತು.

ಹೀಗೆ ಬರಿಗೈ ಮೇಸ್ತ್ರಿಯಾಗಿ ನಾನು ವಿಮಾನ ಹತ್ತಿದೆ.

ತಲೆ ಎತ್ತಿ ನಡೆದ ದಿನ

ಬೆಲ್‌ಫಾಸ್ಟ್ ಪೇಟೆಬೀದಿಯಲ್ಲಿ ಮೊದಲ ದಿನವೇ ದೀಪದ ಕಂಬಕ್ಕೆ ಹಣೆ ಹೊಡೆಸಿಕೊಂಡೆ. ಎದುರು ಬರುತ್ತಿದ್ದ ಒಬ್ಬ ಮುದುಕಿ ಸಾರಿ ಎಂದರು. ಕಂಬವನ್ನು ಅಲ್ಲಿ ನೆಟ್ಟವರು ತಾವೇ ಎನ್ನುವ ಹಾಗಿತ್ತು ಅವರ ದನಿ. ನಾನೂ ಸಾರಿ ಎಂದೆ. ಅವರು ಇನ್ನೊಮ್ಮೆ ಎಂದರು. ಮೋರಾ ಬಂದು ಬಿಡಿಸದಿದ್ದರೆ ಇಬ್ಬರೂ ಇನ್ನಷ್ಟು ಹೊತ್ತು ಅಲ್ಲೇ ನಿಂತಿರುತ್ತಿದ್ದೆವೋ ಏನೋ.

ತಪ್ಪು ನನ್ನದೇ. ನಾನು ಮುಂದೆ ನೋಡಿ ನಡೆಯುತ್ತಿರಲಿಲ್ಲ, ಮೇಲೆ ನೋಡುತ್ತಿದ್ದೆ. ಅಂಗಡಿಗಳ ಕೆಳಗಿನ ಭಾಗ ಎಲ್ಲ ಊರಿನಂತೆಯೇ: ಗಾಜು, ಮೊಬೈಲು, ಚಪ್ಪಲಿ, ರಿಯಾಯಿತಿ ಬೋರ್ಡು. ಅದರ ಮೇಲೆ ಕಣ್ಣು ಹಾಯಿಸಿದರೆ ಬೇರೆ ಲೋಕ. ಕೆಂಪು ಇಟ್ಟಿಗೆಯಲ್ಲಿ ದ್ರಾಕ್ಷಿ ಗೊಂಚಲು, ಸಿಂಹದ ಮುಖ, ಹಗ್ಗದಂತೆ ಹೊಸೆದ ಕಂಬ. ಒಂದು ಕಡೆ ಇಟ್ಟಿಗೆಗಳನ್ನು ಮೂಲೆ ಮುಂದಾಗಿ ಓರೆಗೆ ಕೂರಿಸಿ, ಸೂರಿನ ಕೆಳಗೆ ಉದ್ದಕ್ಕೂ ಹಲ್ಲುಸಾಲು ಮಾಡಿದ್ದರು. ಬಿಸಿಲು ಬಿದ್ದಾಗ ಪ್ರತಿ ಹಲ್ಲಿಗೂ ಒಂದು ನೆರಳು. ಅದನ್ನು ಕಟ್ಟಿದವನು ಎಷ್ಟು ದಿನ ಸಾರುವೆಯ ಹಲಗೆಯ ಮೇಲೆ ನಿಂತು ಬಿಸಿಲಿನ ಲೆಕ್ಕ ಹಾಕಿರಬೇಕು ಎಂದು ನನಗೆ ಹೊಟ್ಟೆಯುರಿಯಾಯಿತು.

ಇದು ನಾರುಬಟ್ಟೆ, ಅಂದರೆ ಲಿನನ್ ವ್ಯಾಪಾರದ ಊರಂತೆ. ನಮ್ಮಲ್ಲಿ ರೇಷ್ಮೆ ಇದ್ದ ಹಾಗೆ. ಬಟ್ಟೆ ಒಳಗೆ ಮಡಿಸಿ ಇಟ್ಟಿರುತ್ತದೆ, ಬೀದಿಯಲ್ಲಿ ಹೋಗುವವನಿಗೆ ಕಾಣುವುದಿಲ್ಲ. ಆದ್ದರಿಂದ ವ್ಯಾಪಾರಿ ತನ್ನ ಬಟ್ಟೆಯ ನಯವನ್ನು ಗೋಡೆಯ ಮೇಲೆ ತೋರಿಸುತ್ತಿದ್ದ ಎಂದು ಮೋರಾ ವಿವರಿಸಿದರು. ನೋಡಿದರೆ ಹೌದು, ಹಾಸು ಹೊಕ್ಕಿನಂತೆಯೇ ಇಟ್ಟಿಗೆ ಜೋಡಿಸಿದ್ದರು. ನಮ್ಮೂರಿನ ಹಳೆಯ ಅಂಗಡಿಗಳಲ್ಲೂ ಇಂಥ ಕೆಲಸ ಇಲ್ಲದಿಲ್ಲ. ನಾವು ಅದರ ಮೇಲೆ ಫ್ಲೆಕ್ಸ್ ಕಟ್ಟಿರುತ್ತೇವೆ ಅಷ್ಟೆ.

ಊರಿನ ಜನ ಮಾತುಗಾರರು. ಅವರ ಇಂಗ್ಲಿಷು ನನಗೆ ಅರ್ಧ ತಿಳಿಯುತ್ತಿತ್ತು, ನನ್ನದು ಅವರಿಗೆ ಕಾಲು. ಎಲ್ಲಕ್ಕೂ 'ವೀ' ಸೇರಿಸುತ್ತಾರೆ, ಅಂದರೆ ಪುಟ್ಟದು. ವೀ ಟೀ, ವೀ ರಶೀದಿ, ವೀ ಮಳೆ. ಆ ವೀ ಮಳೆ ನಮ್ಮ ಆಷಾಢದ ಮಳೆಯಂತೆ ಅಡ್ಡಡ್ಡ ಬೀಸುತ್ತಿತ್ತು. ಬಸ್ಸು ಇಳಿಯುವ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ಸರಸ್ವತಿಪುರಂ ಬಸ್ಸಿನಲ್ಲಿ ಹಾಗೆ ಹೇಳಿದರೆ, ಏನೋ ಬಿಟ್ಟುಹೋಗಿರಬೇಕೆಂದು ಡ್ರೈವರ್ ಗಾಡಿ ನಿಲ್ಲಿಸಿಯಾನು.

ಸಾರುವೆಯ ಮೇಲೆ

ನಮ್ಮ ಕಟ್ಟಡ ನಾಲ್ಕು ಅಂತಸ್ತಿನದು. ಹಿಂದೆ ನಾರುಬಟ್ಟೆಯ ಸಗಟು ಅಂಗಡಿ, ಈಗ ಮೇಲೆಲ್ಲ ಖಾಲಿ, ಕೆಳಗೊಂದು ಸಲೂನು. ಮುಂಭಾಗಕ್ಕೆ ಕಬ್ಬಿಣದ ಸಾರುವೆ ಕಟ್ಟಿ, ದೂಳು ಹಾರದಂತೆ ಹಸಿರು ಪರದೆ ಇಳಿಬಿಟ್ಟಿದ್ದರು. ಎರಡನೆಯ ಅಂತಸ್ತಿನ ಕಿಟಕಿಗಳ ಕೆಳಗೆ, ಈ ತುದಿಯಿಂದ ಆ ತುದಿಗೆ, ಇಟ್ಟಿಗೆಯಲ್ಲೇ ಕೆತ್ತಿದ ಸೂರ್ಯಕಾಂತಿ ಹೂಗಳ ಸಾಲು. ಒಂದೊಂದೂ ಅಂಗೈಯಗಲ. ಯಾರೋ ಪುಣ್ಯಾತ್ಮರು ಹಿಂದೊಮ್ಮೆ ಇಟ್ಟಿಗೆಗಳ ಸಂದಿಗೆ ಸಿಮೆಂಟು ಮೆತ್ತಿದ್ದರು. ಸಿಮೆಂಟು ನೀರನ್ನು ಹೊರಬಿಡುವುದಿಲ್ಲ. ನೀರು ಇಟ್ಟಿಗೆಯೊಳಗೇ ಉಳಿದು ಅದರ ಮುಖ ಉದುರುತ್ತದೆ. ಆ ಸಿಮೆಂಟನ್ನು ಬಿಡಿಸಿ ಸುಣ್ಣದ ಗಾರೆ ತುಂಬುವುದೇ ನನ್ನ ಕೆಲಸ.

ನನ್ನ ಜೊತೆಗಿದ್ದವರು ಡೆನಿಸ್, ಅರವತ್ತು ದಾಟಿದ ಅಲ್ಲಿಯ ಮೇಸ್ತ್ರಿ. ಮಾತುಗಾರರ ಊರಿನಲ್ಲಿ ಮಾತಾಡದ ಒಬ್ಬನೇ ಒಬ್ಬ ಮನುಷ್ಯ ನನ್ನ ಪಾಲಿಗೆ ಬಂದಿದ್ದರು. ನಾನು ಕರಣೆಯಿಲ್ಲದೆ ಬಂದಿದ್ದೇನೆಂದು ಮೋರಾ ಹೇಳಿದಾಗ ಅವರು ನನ್ನನ್ನು ಕೆಳಗಿನಿಂದ ಮೇಲಿನವರೆಗೆ ನೋಡಿ, ಒಂದು ಹಳೆಯ ಉಳಿ, ಒಂದು ಕರಣೆ ತಂದು ಹಲಗೆಯ ಮೇಲಿಟ್ಟು ಹೋದರು. ಅವರ ಕರಣೆ ಮೂಲೆ ಚೂಪಾದದ್ದು, ನಮ್ಮದರಂತೆ ಅಲ್ಲ. ಎರಡು ದಿನ ಅದು ನನ್ನ ಕೈಯಲ್ಲಿ ಮಾವನ ಮನೆಗೆ ಬಂದ ಅಳಿಯನಂತೆ ಬಿಗಿದುಕೊಂಡೇ ಇತ್ತು.

ಮಾತಾಡುವವರು ಕೆಳಗಿದ್ದರು. ಸಲೂನಿನ ಯೂಸುಫ್ ಟರ್ಕಿ ದೇಶದವರು. ಬೆಳಗ್ಗೆ ಸಂಜೆ ಹೊರಬಂದು, ಪರದೆಯಿಂದ ಅಂಗಡಿ ಕತ್ತಲಾಯಿತು, ಗಿರಾಕಿಗಳು ಬಾಗಿಲು ಹಾಕಿದೆ ಅಂದುಕೊಳ್ಳುತ್ತಾರೆ, ಬಿಳಿ ಟವೆಲಿನ ಮೇಲೆಲ್ಲ ಕೆಂಪು ದೂಳು ಎಂದು ನಮ್ಮನ್ನು ಬೈಯುತ್ತಿದ್ದರು. ಬೈಗುಳದ ನಡುವೆ 'ಪೆರ್ದೆ, ಪೆರ್ದೆ' ಎನ್ನುತ್ತಿದ್ದರು. ಅವರ ಭಾಷೆಯಲ್ಲೂ ಅದು ಪರದೆಯೇ ಎಂದು ಹೊಳೆದಾಗ ನಾನು ಮೇಲಿನಿಂದ ಬಗ್ಗಿ 'ಪರದೆ' ಎಂದೆ. ಅವರು ಬೈಯುವುದನ್ನು ನಿಲ್ಲಿಸಿ ಮೇಲೆ ನೋಡಿದರು. ಸಾಬೂನು ಎಂದೆ. ಸಾಬುನ್ ಎಂದರು. ಹವಾ ಎಂದೆ, ಅವರೂ ಹವಾ ಎಂದು ಆಕಾಶ ತೋರಿಸಿ ಮುಖ ಸಿಂಡರಿಸಿದರು. ಅಷ್ಟಾದ ಮೇಲೆ ಮತ್ತೆ ಬೈಗುಳ ಮುಂದುವರಿಸಿದರು.

ಒಡೆದ ಹೂವು

ನಾಲ್ಕನೆಯ ದಿನ ಚಳಿ ಜೋರಾಗಿತ್ತು. ಸಮುದ್ರದ ಕಡೆಯ ಗಾಳಿ ಪರದೆಯನ್ನು ತೂರಿಕೊಂಡು ಬರುತ್ತಿತ್ತು. ಕೈಗವಸು ಹಾಕಿಕೊಂಡರೆ ಉಳಿಯ ಹಿಡಿತ ಸಿಗದೆಂದು ನಾನು ಬರಿಗೈಯಲ್ಲೇ ಕೆಲಸ ಮಾಡುತ್ತಿದ್ದೆ. ಎಡಗಡೆಯ ಮೂರನೆಯ ಹೂವಿನ ಪಕ್ಕದ ಸಿಮೆಂಟು ಬಿಡಿಸುವಾಗ ಉಳಿ ಜಾರಿತು. ಜಾರಿದ್ದು ನನಗೆ ತಿಳಿಯಲೇ ಇಲ್ಲ, ಬೆರಳಿಗೆ ಸ್ಪರ್ಶವಿರಲಿಲ್ಲ. ಸದ್ದು ಕೇಳಿ ನೋಡಿದರೆ ಹೂವಿನ ಮುಖ ಮೂರು ತುಂಡಾಗಿ ಹಲಗೆಯ ಮೇಲೆ ಬಿದ್ದಿತ್ತು.

ಡೆನಿಸ್ ಅಲ್ಲೇ ಇದ್ದರು. ನೋಡಿದರು. ಎಂದಿನಂತೆ ಎರಡೂ ಕೈ ಜೇಬಿಗಿಳಿಸಿ ಪಕ್ಕಕ್ಕೆ ಸರಿದರು.

ಅಷ್ಟು ವರ್ಷಗಳಿಂದ ಚಳಿ ಮಳೆ ತಡೆದುಕೊಂಡಿದ್ದ ಹೂವನ್ನು ಮೈಸೂರಿನಿಂದ ಬಂದು ನಾನು ಒಡೆದಿದ್ದೆ. ತುಂಡುಗಳನ್ನು ಟೋಪಿಯಲ್ಲಿಟ್ಟುಕೊಂಡು ಕೆಳಗಿಳಿದು ಮೋರಾ ಅವರಿಗೆ ತೋರಿಸಿದೆ. ಅವರ ಮುಖ ಸಣ್ಣದಾಯಿತು. ಅಷ್ಟು ದೂರದಿಂದ ಒಬ್ಬನನ್ನು ಕರೆಸುವುದೇಕೆ ಎಂದು ಕಟ್ಟಡದ ಮಾಲೀಕರು ಮೊದಲೇ ತಕರಾರು ಮಾಡಿದ್ದರಂತೆ, ಇವರು ಹಟ ಹಿಡಿದು ಒಪ್ಪಿಸಿದ್ದರಂತೆ. ಆ ಮಾಲೀಕರು ಮುಂದಿನ ವಾರ ನೋಡಲು ಬರುವವರಿದ್ದರು. ಇದನ್ನೆಲ್ಲ ಅವರು ನನ್ನನ್ನು ಚುಚ್ಚಲು ಹೇಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅಂಟಿನಿಂದ ಜೋಡಿಸಬಹುದೇನೋ ಎಂದು ತಾವೇ ಹೇಳಿ, ಮಳೆಗೆ ನಿಲ್ಲದು ಎಂದು ತಾವೇ ತಲೆಯಾಡಿಸಿದರು.

ಹೊಸದನ್ನು ಕೆತ್ತುತ್ತೇನೆ ಎಂದೆ. ಧೈರ್ಯದಿಂದ ಹೇಳಿದ್ದಲ್ಲ, ಬೇರೇನೂ ತೋಚದೆ ಹೇಳಿದ್ದು. ಕೆತ್ತನೆಗೆ ಬೇಕಾದ್ದು ಮೆತ್ತನೆಯ, ಒಂದೇ ಸಮ ನಯವಾದ ಇಟ್ಟಿಗೆ. ಆ ಕಟ್ಟಡದ ಇಟ್ಟಿಗೆಯ ಜಾತಿಯದು ಈಗ ಸಿಗುವುದಿಲ್ಲ. ನೆಲಮಾಳಿಗೆಯಲ್ಲಿ ಹುಡುಕಿದಾಗ ಕಟ್ಟಿದ ಕಾಲದಲ್ಲಿ ಮಿಕ್ಕಿದ್ದ ಎರಡು ಸಿಕ್ಕವು.

ಅವತ್ತು ಮಧ್ಯಾಹ್ನವೇ ಮೊದಲನೆಯದನ್ನು ಹಿಡಿದು ಕುಳಿತೆ. ಆರು ಎಸಳು ಬಂದವು, ಏಳನೆಯದಕ್ಕೆ ಇಟ್ಟಿಗೆ ಅಡ್ಡಕ್ಕೆ ಸೀಳಿತು.

ಮರುದಿನ ಊಟದ ಹೊತ್ತಿನಲ್ಲಿ ನಾಗಮ್ಮ ವೀಡಿಯೊ ಕಾಲ್ ಮಾಡಿದಳು. ಅಲ್ಲಿ ಸಂಜೆ, ಅವಳ ಹಿಂದೆ ಬುದ್ಧನ ಪಟದ ಮುಂದಿನ ದೀಪ ಕಾಣುತ್ತಿತ್ತು. ಎಲ್ಲ ಚೆನ್ನಾಗಿದೆ ಎಂದು ಶುರುಮಾಡಿದವನು ಎರಡೇ ಮಾತಿಗೆ ಇದ್ದದ್ದನ್ನೆಲ್ಲ ಒಪ್ಪಿಸಿಬಿಟ್ಟೆ. ವಾಪಸು ಬಂದುಬಿಡುತ್ತೇನೆ ಎಂದೂ ಹೇಳಿದೆ. ಅವಳು ಸಮಾಧಾನ ಮಾಡಲು ಹೋಗಲಿಲ್ಲ. ಕೈ ತೋರಿಸಿ ಎಂದಳು. ಫೋನಿನ ಮುಂದೆ ಕೈ ಹಿಡಿದೆ. ಬೆರಳ ತುದಿಗಳು ಸುಣ್ಣ ಬಳಿದಂತೆ ಬೆಳ್ಳಗಿದ್ದವು.

"ಮರಗಟ್ಟೋಗೈತಲ್ರೀ. ಇಂಥ ಕೈಲಿ ಉಳಿ ಹಿಡುದ್ರೆ ಇಟ್ಟಿಗೆ ತಾನೇ ಏನ್ ಮಾಡಾತು? ನಿಮ್ಗೆ ಕೆಲ್ಸ ಮರ್ತೋಗಿಲ್ಲ, ಕೈ ತಣ್ಣಗಾಗೈತೆ ಅಷ್ಟೆ. ಮೊದ್ಲು ಎಲ್ಲಾದ್ರೂ ಕೈ ಕಾಯಿಸ್ಕೊಂಡು ಆಮೇಲೆ ಕುಂತ್ಕೊಳಿ. ಅಳ್ತಾ ಬಂದ್ಬುಟ್ರೆ ನಾನ್ ಬಾಗ್ಲು ತೆಗ್ಯಲ್ಲ," ಎಂದಳು.

ಯೂಸುಫರ ಸಲೂನು

ಆ ಬೀದಿಯಲ್ಲಿ ಬಿಸಿನೀರು ಸದಾ ಇರುವ ಜಾಗ ಒಂದೇ. ಆದರೆ ಅಂದು ಬೆಳಗ್ಗೆಯಷ್ಟೇ ಯೂಸುಫ್ ದೂಳು ಕೂತ ಟವೆಲೊಂದನ್ನು ತಂದು ಡೆನಿಸ್ ಮುಖದ ಮುಂದೆ ಕೊಡವಿ ಹೋಗಿದ್ದರು. ನಾನು ಬಾಗಿಲು ತಳ್ಳಿ ಒಳಗೆ ಹೋಗಿ, ಮಾತು ಜೋಡಿಸಲಾರದೆ ಎರಡೂ ಕೈ ಚಾಚಿ ನಿಂತೆ.

ಅವರು ಕೈ ನೋಡಿದರು, ನನ್ನ ಮುಖ ನೋಡಿದರು. ಗಿರಾಕಿಯ ಅರ್ಧ ಬೋಳಿಸಿದ ಗಡ್ಡವನ್ನು ಹಾಗೇ ಬಿಟ್ಟು, ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಪೆಟ್ಟಿಗೆಯಿಂದ ಹಬೆಯಾಡುವ ಟವೆಲುಗಳನ್ನು ತೆಗೆದು ಎರಡೂ ಕೈಗೆ ಮೊಣಕೈವರೆಗೆ ಸುತ್ತಿದರು. ಮೊದಲು ಸೂಜಿ ಚುಚ್ಚಿದಂತಾಯಿತು, ಆಮೇಲೆ ಬೆರಳುಗಳು ಒಂದೊಂದಾಗಿ ನನಗೆ ಮರಳಿ ಸಿಕ್ಕವು. ಆ ಸುಖ ಹೇಗಿತ್ತೆಂದರೆ, ಪಕ್ಕದಲ್ಲಿ ಅರ್ಧ ಗಡ್ಡದ ಮನುಷ್ಯ ಕಾಯುತ್ತಿದ್ದಾರೆಂಬುದು ಮರೆತೇಹೋಯಿತು. ಅವರೇ ಸಾರಿ ಎಂದರು.

ಯೂಸುಫ್ ಚಾಯ್ ಎಂದು ಪುಟ್ಟ ಗಾಜಿನ ಲೋಟ ಮುಂದಿಟ್ಟರು. ನಾನೂ ಚಾಯ್ ಎಂದೆ. ಆಮೇಲೆ ನನ್ನ ಎದೆಯತ್ತ ಬೆರಳು ಮಾಡಿ, "ಉಸ್ತಾ?" ಎಂದು ಕೇಳಿದರು. ನಮ್ಮ ಮಂಡಿಮೊಹಲ್ಲಾದಲ್ಲಿ ಕೈ ಪಳಗಿದ ಮೇಸ್ತ್ರಿಗೆ ಉಸ್ತಾದ್ ಎನ್ನುತ್ತಾರಲ್ಲ, ಅದೇ ಮಾತು. ಒಡೆದ ಹೂವು ನೆನಪಾಗಿ ನಾನು ಲೋಟದತ್ತ ಕಣ್ಣು ತಿರುಗಿಸಿದೆ. ಅವರು ತಾವೇ ಉಸ್ತಾ ಎಂದು ತೀರ್ಮಾನಿಸಿ, ಹಿಂದಿನ ಕೋಣೆಯ ಹೀಟರಿನ ಪಕ್ಕ ಒಂದು ಮೇಜು ಖಾಲಿ ಮಾಡಿಕೊಟ್ಟರು. ಟವೆಲಿಗೆ ದೂಳು ಕೂರುತ್ತದೆ ಎಂದೆ. ಕೂರಲಿ, ಒಗೆಯುತ್ತೇನೆ ಎಂದು ಕೈಸನ್ನೆ ಮಾಡಿದರು.

ಉಳಿದ ಒಂದೇ ಇಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಉಳಿ ಎತ್ತಲು ಧೈರ್ಯವಾಗದೆ ಕೂತಿದ್ದೆ. ಆಗ ಡೆನಿಸ್ ಒಳಬಂದರು. ಕೋಟಿನ ಜೇಬಿನಿಂದ ಮಡಿಸಿದ ತಗಡೊಂದನ್ನು ತೆಗೆದು ಬಿಡಿಸಿದರು. ಮೇಲಿನ ಹೂವೊಂದರ ಅಳತೆ ತೆಗೆದು, ಎಸಳುಗಳ ಗೆರೆಯನ್ನು ತಗಡಿನಲ್ಲಿ ಕತ್ತರಿಸಿದ್ದರು. ಕತ್ತರಿಸಿದ ಅಂಚು ಅಲ್ಲಲ್ಲಿ ಅಂಕುಡೊಂಕಾಗಿತ್ತು. ತಗಡನ್ನು ನನಗೆ ಕೊಡುವಾಗ ಅವರ ಕೈ ನಡುಗುತ್ತಿತ್ತು. ಆಗ ತಿಳಿಯಿತು, ಇಷ್ಟು ದಿನ ಅವರು ಕೈಗಳನ್ನು ಏಕೆ ಜೇಬಿನಲ್ಲೇ ಇಟ್ಟುಕೊಳ್ಳುತ್ತಿದ್ದರು ಎಂದು.

ಅವರು ನನ್ನೊಡನೆ ಮೊದಲ ಸಲ ಉದ್ದನೆಯ ಮಾತಾಡಿದರು. ಎಳೆಯ ವಯಸ್ಸಿನಲ್ಲಿ ಇಂಥ ಹೂ ಕೆತ್ತಲು ಕಲಿತಿದ್ದರಂತೆ, ಆಮೇಲೆ ಆ ಕೆಲಸ ಕೇಳುವವರೇ ಇಲ್ಲವಾಯಿತಂತೆ, ಈಗ ಕೆಲಸ ಬಂದಿದೆ, ಕೈ ಇಲ್ಲ. ನಾನು ಹೂವನ್ನು ಒಡೆದಾಗ ಅವರಿಗೆ ಸಿಟ್ಟು ಬಂದಿರಲಿಲ್ಲವಂತೆ. ಉಳಿಯನ್ನು ನನಗೆ ಕೊಡದೆ ತಾವೇ ಹಿಡಿದಿದ್ದರೆ ಮೊದಲ ದಿನವೇ ಒಡೆಯುತ್ತಿತ್ತು ಎಂದು ಅನ್ನಿಸಿತಂತೆ.

"ನಡುವಿನಿಂದ ಶುರುಮಾಡಬೇಡ," ಎಂದರು. "ಅಂಚಿನಿಂದ ಒಳಕ್ಕೆ ಬಾ. ಅವಸರವಿಲ್ಲ. ನಾನು ಇಲ್ಲೇ ಕೂತಿರುತ್ತೇನೆ."

ಎರಡು ದಿನ ಹಿಡಿಯಿತು. ಗಳಿಗೆಗೊಮ್ಮೆ ಯೂಸುಫ್ ಬಿಸಿ ಟವೆಲು ತರುತ್ತಿದ್ದರು. ಡೆನಿಸ್ ನನ್ನ ಉಳಿಯ ಓರೆಯನ್ನು ನೋಡಿ ಸಾಕು, ಇನ್ನೊಂದು ಚೂರು ಎಂದು ಗುನುಗುತ್ತಿದ್ದರು. ಕೂದಲು ಕತ್ತರಿಸಿಕೊಳ್ಳಲು ಬಂದವರು ಕೊರಳಿಗೆ ಬಟ್ಟೆ ಕಟ್ಟಿಕೊಂಡೇ ಹಿಂದಿನ ಕೋಣೆಗೆ ಬಂದು ಇಣುಕಿ, ಎಷ್ಟನೆಯ ಎಸಳು ಎಂದು ವಿಚಾರಿಸುವರು. ಕೊನೆಯ ಎಸಳು ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ. ಡೆನಿಸ್ ಹೂವನ್ನು ಬೆಳಕಿಗೆ ಹಿಡಿದು, ಊದಿ, ದೂಳು ಹಾರಿಸಿ, "ವೀ ಹೂವು," ಎಂದರು. ನನಗೆ ಅದು ಸಾಕಾಯಿತು.

ಗೋಡೆಯಲ್ಲಿ ಕೂರಿಸುವಾಗ ಅವರನ್ನೂ ಕರೆದೆ. ಅವರು ಜೇಬಿನಿಂದ ಕೈ ತೆಗೆಯಲಿಲ್ಲ. ಒಂದೇ ಜೊತೆ ಕೈಯಲ್ಲಿ ಆಗುವ ಕೆಲಸವಲ್ಲ ಎಂದು ಸುಳ್ಳು ಹೇಳಿದೆ. ಸುಳ್ಳೆಂದು ಅವರಿಗೂ ಗೊತ್ತಿತ್ತು. ಆದರೂ ಬಂದರು. ಕಾಗದದಷ್ಟು ತೆಳ್ಳಗೆ ಸುಣ್ಣದ ಗಾರೆ ಬಳಿದು, ಅವರ ಕೈಯ ಮೇಲೆ ನನ್ನ ಕೈಯಿಟ್ಟು ಒತ್ತಿದೆ. ಒತ್ತಿ ಹಿಡಿದಷ್ಟು ಹೊತ್ತೂ ಅವರ ಕೈ ನಡುಗಲಿಲ್ಲ.

ಪರದೆ ಇಳಿದ ದಿನ

ಮಾಲೀಕರು ಬಂದರು, ಸಾರುವೆ ಹತ್ತಿ ನೋಡಿದರು. ಒಡೆದದ್ದನ್ನು ಮೋರಾ ಮುಚ್ಚಿಡಲಿಲ್ಲ, ತುಂಡುಗಳನ್ನೂ ತೋರಿಸಿದರು. ಅವರಲ್ಲಿ ದಪ್ಪ ಕನ್ನಡಕದ ಒಬ್ಬರು ಹೊಸ ಹೂವನ್ನು ಬಹಳ ಹೊತ್ತು ಸವರಿ, ಪಕ್ಕದ ಕಟ್ಟಡಕ್ಕೂ ಇಂಥ ಕೆಲಸವಿದೆ, ಇವರಿಬ್ಬರೂ ಸಿಗುತ್ತಾರೆಯೇ ಎಂದು ಕೇಳಿದರಂತೆ. ಇವರಿಬ್ಬರೂ ಎಂದದ್ದನ್ನು ಮೋರಾ ನನಗೂ ಡೆನಿಸರಿಗೂ ಎರಡೆರಡು ಸಲ ಹೇಳಿದರು.

ನಾನು ಹೊರಡುವ ಮುನ್ನಾದಿನ ಪರದೆ ಇಳಿಸಿದರು. ಅಂದು ಆ ಊರಿಗೆ ಅಪರೂಪದ ಬಿಸಿಲು. ಹಸಿರು ಬಟ್ಟೆ ಜಾರಿ ಕೆಳಗೆ ಬೀಳುತ್ತಿದ್ದಂತೆ ಇಡೀ ಮುಖಭಾಗ ಒಮ್ಮೆಗೇ ಕೆಂಪಗೆ ಎದ್ದು ನಿಂತಿತು. ಸುಣ್ಣದ ಸಣ್ಣ ಗೆರೆಗಳ ನಡುವೆ ಒಂದೊಂದು ಇಟ್ಟಿಗೆಯೂ ಬೇರೆ ಬೇರೆಯಾಗಿ ಕಾಣುತ್ತಿತ್ತು. ಹೂಗಳ ಸಾಲಿನ ಮೇಲೆ ಬಿಸಿಲು ಓರೆಯಾಗಿ ಬಿದ್ದು ಎಸಳೆಸಳೂ ಬಿಡಿಸಿಕೊಂಡಿತ್ತು. ಬಸ್ ಸ್ಟಾಪಿನಲ್ಲಿದ್ದವರು ಬಸ್ಸು ಬಂದರೂ ಹತ್ತದೆ ನೋಡುತ್ತಿದ್ದರು. ಒಂಬತ್ತು ವರ್ಷದಿಂದ ಅದರ ಕೆಳಗೇ ಅಂಗಡಿ ಇಟ್ಟಿರುವ ಯೂಸುಫ್ ಕೈಯಲ್ಲಿ ಬಾಚಣಿಗೆ ಹಿಡಿದು ರಸ್ತೆಯ ಮಧ್ಯದವರೆಗೆ ನಡೆದು ಹೋದರು. ಅಲ್ಲಿ ಹೂಗಳಿವೆಯೆಂದು ತಮಗೆ ಗೊತ್ತೇ ಇರಲಿಲ್ಲ ಎಂದು ಆಮೇಲೆ ಹೇಳಿದರು.

ಮರಳಿ ಬಂದವರೇ ಒಳಗಿನಿಂದ ಒಂದು ಕುರ್ಚಿ ತಂದು ಫುಟ್‌ಪಾತಿನ ಮೇಲೆ ಹಾಕಿ, ನನ್ನನ್ನು ಕೂರಿಸಿ, ಕೊರಳಿಗೆ ಬಟ್ಟೆ ಕಟ್ಟಿದರು. ಮೂರು ವಾರದ ಗಡ್ಡ ಬೆಳೆದಿತ್ತು. ಮುಖದ ತುಂಬ ನೊರೆ ಹಚ್ಚಿ, ಗಲ್ಲದ ಕೆಳಗೆ ಒಂದು ಬೆರಳಿಟ್ಟು ನನ್ನ ತಲೆಯನ್ನು ಹಿಂದಕ್ಕೆ ಬಾಗಿಸಿದರು. ಕಣ್ಣೆದುರಿಗೆ ಇಡೀ ಗೋಡೆ ಆಕಾಶದವರೆಗೆ ಹರಡಿಕೊಂಡಿತು. ಪಕ್ಕದಲ್ಲಿ ಡೆನಿಸ್ ಚಾಯ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಹೋಗುವವರು ಬರುವವರು ನೋಡುವಂತೆಯೇ ಕುಡಿಯುತ್ತಾ ನಿಂತಿದ್ದರು.

ನಾನು ನನ್ನ ಹೂವನ್ನು ಹುಡುಕಿದೆ. ಎಡಗಡೆಯಿಂದ ಮೂರು ಎಣಿಸದೆ, ಬರಿಗಣ್ಣಿಗೆ ಗುರುತು ಸಿಗುತ್ತದೋ ನೋಡೋಣವೆಂದು ಸಾಲಿನುದ್ದಕ್ಕೂ ಕಣ್ಣಾಡಿಸಿದೆ. ಗುರುತು ಸಿಗಲಿಲ್ಲ.

ತರಕಾರಿ ಚೀಲ ಹಿಡಿದ ಒಬ್ಬ ಹೆಂಗಸು ನಿಂತು, ಒಂದನ್ನು ಹೊಸದಾಗಿ ಮಾಡಿದರಂತಲ್ಲ, ಯಾವುದದು ಎಂದು ಯೂಸುಫರನ್ನು ಕೇಳಿದರು. ಯೂಸುಫ್ ಒಂದಿಷ್ಟೂ ಯೋಚಿಸದೆ ಕ್ಷೌರದ ಕತ್ತಿಯ ತುದಿಯಿಂದ ಬಲಗಡೆಯ ಕೊನೆಯ ಹೂವನ್ನು ತೋರಿಸಿ, ಅದೇ, ನನ್ನ ಅಂಗಡಿಯಲ್ಲೇ ಆದದ್ದು ಎಂದರು. ಆಕೆ ಅದನ್ನು ನೋಡಿ, ಗೊತ್ತಾಗುತ್ತದೆ ಬಿಡಿ, ಉಳಿದವಕ್ಕಿಂತ ಅದೇ ಚೆನ್ನಾಗಿದೆ ಎಂದು ಹೊರಟರು.

ನನ್ನ ಬಾಯಿಯ ಸುತ್ತ ನೊರೆಯಿತ್ತು. ನಾನೇನೂ ತಿದ್ದಲು ಹೋಗಲಿಲ್ಲ.